ಸ್ಯಾಟಲೈಟ್ ಮ್ಯಾಪಲ್ಲಿ ವೇದಾವತಿ ಹಿಡ್ಕೊಂಡು ಹೊರಟೆ, ಹಿರಿಯೂರು ದಾಟಿದ್ಮೇಲೆ ನದಿನೇ ಮಾಯ

ನಿದ್ದೆಗೆಟ್ಟವ
ಎಲ್ರಿಗೂ ನಮಸ್ಕಾರ. ನಂದು ನೈಟ್ ಶಿಫ್ಟು, ರಾತ್ರಿ ಎರಡರ ಮೇಲೆ ಕೆಲಸ ಕಮ್ಮಿ, ಹಂಗಾಗಿ ಒಂದು ಚಟ ಹತ್ಕೊಂಡಿದೆ. ಯಾವ್ದಾದ್ರೂ ಒಂದು ನದಿ ಆರಿಸ್ಕೊಳ್ಳೋದು, ಹುಟ್ಟೋ ಜಾಗದಿಂದ ಸಮುದ್ರ ಸೇರೋವರ್ಗೂ ಸ್ಯಾಟಲೈಟ್ ವ್ಯೂನಲ್ಲಿ ಬೆರಳಲ್ಲೇ ತಳ್ಕೊಂಡು ಹೋಗೋದು. ಹೆಸರಿನ ಲೇಬಲ್ ಎಲ್ಲಾ ಆಫ್, ನೀರಿನ ಜಾಡು ನೋಡ್ಕೊಂಡೇ ಹೋಗ್ಬೇಕು, ಇದೊಂದೇ ರೂಲ್ಸು. ತುಂಗೆಗೆ ಮೂರು ರಾತ್ರಿ ಹಿಡೀತು. ಗಂಗಾಮೂಲದಿಂದ ಶೃಂಗೇರಿ, ತೀರ್ಥಹಳ್ಳಿ, ಕೂಡ್ಲಿಯಲ್ಲಿ ಭದ್ರೆ ಬಂದು ಸೇರಿದ್ಲು, ಆಮೇಲೆ ಹೊಸಪೇಟೆ ಡ್ಯಾಮು, ಹಂಪಿ ಬಂಡೆಗಳ ಮಧ್ಯೆ ಸೊಟ್ಟಸೊಟ್ಟ ಹೋಗಿ, ಕರ್ನೂಲು ದಾಟಿ ಶ್ರೀಶೈಲದ ಹಿನ್ನೀರಲ್ಲಿ ಕೃಷ್ಣೆ ಜೊತೆ ಬೆರೆತು, ಕೊನೆಗೆ ಹಂಸಲದೀವಿ ಹತ್ರ ಸಮುದ್ರ. ಆ ಡೆಲ್ಟಾ ನೋಡಿ ಒಂದ್ಸಲ, ಹಕ್ಕಿ ಕಾಲಿನ ಥರ ಬೆರಳು ಚಾಚ್ಕೊಂಡಿದೆ.

ಈಗ ವಿಷ್ಯಕ್ಕೆ ಬರ್ತೀನಿ. ಮೊನ್ನೆ ವೇದಾವತಿ ಹಿಡಿದೆ. ಅಯ್ಯನಕೆರೆ ಕಡೆಯಿಂದ ಬರೋ ವೇದಾ, ಮದಗದಕೆರೆ ಕಡೆಯಿಂದ ಬರೋ ಆವತಿ, ಕಡೂರು ಹತ್ರ ಎರಡೂ ಸೇರ್ತವೆ, ಸರಿ. ವಾಣಿವಿಲಾಸ ಸಾಗರನೂ ಸಿಕ್ತು. ಹಿರಿಯೂರು ದಾಟಿ ಚಳ್ಳಕೆರೆ ತಾಲೂಕಿಗೆ ಬರೋಷ್ಟ್ರಲ್ಲಿ ನೀರೂ ಇಲ್ಲ, ನದಿನೂ ಇಲ್ಲ. ಬರೀ ಮುಳ್ಳು ಪೊದೆ ಥರ ಹಸಿರು, ಮಧ್ಯೆ ಮಧ್ಯೆ ಬಿಳಿ ತೇಪೆ. ಮಾಮೂಲಿ ಮ್ಯಾಪ್ ಹಾಕಿದ್ರೆ ಮಾತ್ರ ಚೆಂದಾಗಿ ನೀಲಿ ಗೆರೆ ಎಳೆದಿದ್ದಾರೆ. ಯಾವ್ದು ನಂಬೋದು?

ಹಿರಿಯೂರ್_ಹುಡ್ಗ
ಎರಡನ್ನೂ ನಂಬಿ ಅಣ್ಣ 😀 ಅದೇ ನಮ್ ನದಿ. ನೀರಿದ್ರೆ ನದಿ, ಇಲ್ದಿದ್ರೆ ಕ್ರಿಕೆಟ್ ಗ್ರೌಂಡು.

ಟೊಪೋಶೀಟ್_ತಾತ
ತಮ್ಮಾ, ನೀಲಿ ಗೆರೆ ಫೋಟೋ ಅಲ್ಲ, ಯಾರೋ ಕೂತು ಎಳೆದಿದ್ದು. ಫೋಟೋ ಬೇರೆ, ನಕ್ಷೆ ಬೇರೆ, ಒಂದರ ಮೇಲೊಂದು ಹಾಸಿರ್ತಾರೆ ಅಷ್ಟೆ.

ಇನ್ನೊಂದು ಗುಟ್ಟು ಹೇಳ್ತೀನಿ. ಈ ಉಪಗ್ರಹ ಚಿತ್ರಕ್ಕೆ ಮೋಡ ಆಗಲ್ಲ. ಮಳೆಗಾಲದಲ್ಲಿ ನಮ್ಮ ಮೇಲೆ ಮೋಡನೇ ಮೋಡ, ಹಂಗಾಗಿ ನಿಮಗೆ ತೋರಿಸೋ ಚಿತ್ರ ಹೆಚ್ಚಾಗಿ ಬೇಸಿಗೆ ಆಸುಪಾಸಿಂದು. ಅಂದ್ರೆ ನಮ್ಮ ದೇಶದ ಅರ್ಧಕ್ಕರ್ಧ ನದಿನ ನೀವು ನೋಡ್ತಿರೋದೇ ಅದು ಒಣಗಿದ್ದಾಗ. ಹಿಮಾಲಯದ ನದಿಗೆ ಬೇಸಿಗೆಲೂ ಮಂಜು ಕರಗಿದ ನೀರಿರುತ್ತೆ, ಅದು ಮರ್ಯಾದೆ ಉಳಿಸ್ಕೊಳ್ಳುತ್ತೆ. ವೇದಾವತಿಗೆ ಆ ಭಾಗ್ಯ ಇಲ್ಲ. ಮೇಲೆ ಅಣೆಕಟ್ಟು ಬೇರೆ ಹಿಡ್ಕೊಂಡಿದೆ.

ಆ ಹಸಿರು ಏನು ಅಂದ್ರೆ ಬಳ್ಳಾರಿ ಜಾಲಿ. ನೀರು ಹರಿಯೋದು ನಿಂತ ಪಾತ್ರ ಸಿಕ್ಕಿದ್ರೆ ಅದು ಬಿಡುತ್ತಾ? ಆ ಬಿಳಿ ತೇಪೆ ಮರಳು. ಜಾಲಿ ಮತ್ತೆ ಮರಳು ಅಂಕುಡೊಂಕಾಗಿ ಜೊತೇಲೇ ಹೋಗ್ತಿದ್ರೆ ಅದೇ ನಿಮ್ಮ ನದಿ ಅಂದ್ಕೊಂಡು ಹಿಂದೆ ಹೋಗಿ. ಪರಶುರಾಂಪುರದ ಮೇಲೆ ಆಂಧ್ರಕ್ಕೆ ಹೋಗಿ, ಭೈರವಾನಿತಿಪ್ಪ ಡ್ಯಾಮು ದಾಟಿ, ಮತ್ತೆ ಬಳ್ಳಾರಿ ಕಡೆ ಹಗರಿ ಅನ್ನೋ ಹೆಸರಲ್ಲಿ ವಾಪಸ್ ಬರುತ್ತೆ. ಸಿರುಗುಪ್ಪ ಕಡೆ ತುಂಗಭದ್ರೆಗೆ ಸೇರುತ್ತೆ.

ನಿದ್ದೆಗೆಟ್ಟವ
ಅಂದ್ರೆ ನಾನು ಬಿಟ್ಟು ಬಂದ ತುಂಗಭದ್ರೆಗೇ ವಾಪಸ್! ಗೊತ್ತೇ ಇರ್ಲಿಲ್ಲ ತಾತ, ಥ್ಯಾಂಕ್ಸ್.

ಹಿರಿಯೂರ್_ಹುಡ್ಗ
ಸರಿ ಈಗ ಸೀರಿಯಸ್ಸಾಗಿ. ನಮ್ಮ ಮಾರಿಕಣಿವೆನ, ಅದೇ ವಾಣಿವಿಲಾಸ ಸಾಗರನ, ಟೈಮ್ ಸ್ಲೈಡರ್ ಹಾಕಿ ನೋಡಿ, ಕಂಪ್ಯೂಟರಲ್ಲಿ ಗೂಗಲ್ ಅರ್ಥ್ ಪ್ರೋ ಫ್ರೀ ಇದೆ, ಗಡಿಯಾರದ ಗುರುತು ಒತ್ತಿದ್ರೆ ಹಳೇ ವರ್ಷದ ಚಿತ್ರ ಬರುತ್ತೆ. 2017ರ ಸುಮಾರಿಗೆ ಕಣಿವೆ ತಳದಲ್ಲಿ ಒಂದಿಷ್ಟು ಕೆಸರು ನೀರು, ಸುತ್ತ ಉಂಗುರ ಉಂಗುರವಾಗಿ ಒಣಗಿದ ದಡ. ಅದೇ 2022ರ ಕೊನೆಗೆ ನೋಡಿ, ಗುಡ್ಡದ ಬುಡದವರ್ಗೂ ನೀಲಿ. 1907ರಲ್ಲಿ ಕಟ್ಟಿದ ಡ್ಯಾಮು, 130 ಅಡಿ, 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ 2022ರ ಸೆಪ್ಟೆಂಬರಲ್ಲೇ ಮತ್ತೆ ಬಿದ್ದಿದ್ದು. ನಮ್ಮಜ್ಜಿ "ನಮ್ಮಪ್ಪ ನೋಡಿದ್ದ ಕಣೋ" ಅಂತ ಹೇಳ್ತಿದ್ಲು, ನಾವು ಕಥೆ ಅಂದ್ಕೊಂಡಿದ್ವಿ. ಅವತ್ತು ಅಜ್ಜಿನ ಗಾಡೀಲಿ ಕೂರಿಸ್ಕೊಂಡು ಹೋದೆ, ಊರಿಗೆ ಊರೇ ಅಲ್ಲಿತ್ತು, ಅರಿಶಿನ ಕುಂಕುಮ ಹಾಕಿ ಕೈ ಮುಗಿದು ಬಂದ್ವಿ.

ಕಡೂರ್_ಎಕ್ಸ್‌ಪ್ರೆಸ್
ಮಳೆ ನೀರಲ್ಲ ಗುರು, ಭದ್ರಾ ನೀರು ಬಿಟ್ಟಿದ್ದಕ್ಕೆ ತುಂಬಿದ್ದು. ನಮ್ ಕಡೆಯಿಂದ ಹೋಗಿದ್ದು.

ಹಿರಿಯೂರ್_ಹುಡ್ಗ
ಭದ್ರಾ ನೀರೂ ಬಂತು, ಮಳೆನೂ ಬಂತು. ಆ ವರ್ಷ ಮಳೆ ಇಲ್ದೆ ಬರೀ ಕಾಲುವೆಯಲ್ಲೇ 130 ಅಡಿ ತುಂಬ್ಸೋಕೆ ಆಗ್ತಿತ್ತಾ ಲೆಕ್ಕ ಹಾಕಿ ಹೇಳು.

ಕಡೂರ್_ಎಕ್ಸ್‌ಪ್ರೆಸ್
ಲೆಕ್ಕ ನಂಗ್ ಬರಲ್ಲ, ನೀರು ನಮ್ದು ಅಂತ ಮಾತ್ರ ಗೊತ್ತು 😂

ರಾಯಚೂರ_ಮಾಸ್ತರ
ನೋಡ್ರಿ, ನಾ ಹೈಸ್ಕೂಲ್ ಹುಡುಗ್ರಿಗೆ ಇದನ್ನ ಪ್ರೊಜೆಕ್ಟರ್ ಮ್ಯಾಲೆ ತೋರಸ್ತೀನಿ. ಪುಸ್ತಕದಾಗ "ದೋಆಬ್" ಅಂತ ಬರದಿದ್ರ ಹುಡುಗ್ರು ಬಾಯಿಪಾಠ ಮಾಡ್ತಾರ ಅಷ್ಟ. ಮ್ಯಾಲಿಂದ ತೋರಿಸಿದ್ರ ಬಡಗಣ ಕೃಷ್ಣಾ, ತೆಂಕಣ ತುಂಗಭದ್ರಾ, ನಡುವ ನಮ್ಮೂರು, ಹಿಂದಕ ಎಡೆದೊರೆ ನಾಡು ಅಂತಿದ್ರು, ಎರಡು ತೊರಿ ನಡುವಿಂದು. ಒಮ್ಮಿ ನೋಡಿದ್ರ ಮರಿಯಂಗಿಲ್ಲ.

ಇನ್ನೊಂದು ಅದ. ತುಂಗಭದ್ರಾ ಎಡದಂಡಿ ಕಾಲುವಿ ಹಿಡದು ಬರ್ರಿ. ಗಂಗಾವತಿ ಕಡೆ ಹಸರಂದ್ರ ಹಸರು, ಸಿಂಧನೂರಾಗೂ ಭತ್ತ. ಟೇಲೆಂಡಿಗೆ, ಅಂದ್ರ ಕಾಲುವಿ ತುದಿಗೆ, ಬರ್ತಾ ಬರ್ತಾ ಆ ಹಸರು ಹರಕ ಅಂಗಿ ಆಗ್ತದ. ಕಾಲುವಿ ಎಲ್ಲಾರಿಗೂ ಒಂದ, ನೀರು ಮಾತ್ರ ಮ್ಯಾಲಿನವ್ರಿಗೆ. ಇದಕ್ಕ ಯಾವ ಸಮಿತಿ ವರದಿ ಬೇಕ್ರಿ, ಮ್ಯಾಪ್ ತಗದು ಮೀಟಿಂಗ್ನಾಗ ಇಟ್ರ ಸಾಕು. 2024ರ ಆಗಸ್ಟ್ನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ನಮ್ಮ ಹುಡುಗ್ರು ಮೊದಲು ಡ್ಯಾಮ್ ಜೂಮ್ ಮಾಡಿ 33 ಗೇಟ್ ಎಣಿಸಿ, ಇದ ನೋಡ್ರಿ ಸರ ಅದು ಅಂದ್ರು.

ಪುಟ್ಟಿ_ಫ್ರಮ್_ಪುತ್ತೂರು
ಒಂದು ಡೌಟು. ಇದು ಲೈವಾ? ನಮ್ಮ ಮನೆ ಮುಂದೆ ಅಂಕಲ್ ಮಾರಿದ ಹಳೇ ಮಾರುತಿ ಇನ್ನೂ ನಿಂತಿದೆ ಅದ್ರಲ್ಲಿ.

ಟೊಪೋಶೀಟ್_ತಾತ
ಲೈವ್ ಅಲ್ಲಮ್ಮಾ. ಬೇರೆ ಬೇರೆ ದಿನದ ಚಿತ್ರ ಹೊಲಿದು ಕೌದಿ ಮಾಡಿರ್ತಾರೆ. ಒಂದು ಹೊಲ ಹಸಿರು, ಪಕ್ಕದ್ದು ಕಂದು, ನಡುವೆ ಸ್ಕೇಲ್ ಇಟ್ಟು ಕೊಯ್ದಂಗೆ ಗೆರೆ ಕಂಡ್ರೆ ಅದು ಹೊಲಿಗೆ, ಅಲ್ಲಿ ಬೇಲಿ ಗೀಲಿ ಏನೂ ಇರಲ್ಲ.

ಸೊಪ್ಪಿನ_ಸಾರು
ನಂಗೆ ಮಾತ್ರನಾ ಅಥವಾ ನಿಮಗೂ ಹಂಗೇ ಕಾಣುತ್ತಾ, ಘಟ್ಟದ ಕಡೆ ನೋಡಿದ್ರೆ ಕಣಿವೆ ಎಲ್ಲಾ ಉಬ್ಬಿರೋ ಥರ, ಗುಡ್ಡ ಎಲ್ಲಾ ತಗ್ಗಿನ ಥರ. ನದಿ ಗುಡ್ಡದ ನೆತ್ತಿ ಮೇಲೆ ಹರಿದಂಗೆ ಕಾಣುತ್ತೆ!! ಕಣ್ಣಿನ ಡಾಕ್ಟರ್ ಹತ್ರ ಹೋಗ್ಬೇಕಾ?

ರಾಯಚೂರ_ಮಾಸ್ತರ
ಡಾಕ್ಟರ್ ಬ್ಯಾಡ್ರಿ, ಫೋನ್ ತಲಿಕೆಳಗ ಮಾಡ್ರಿ, ಸರಿ ಹೋಗ್ತದ. ಭಾಳ ಉಪಗ್ರಹ ನಮ್ಮ ಮ್ಯಾಲೆ ಹಾಯೋದು ಮುಂಜಾನಿ ಹತ್ತೂವರಿ ಸುಮಾರಿಗೆ. ಆವಾಗ ಸೂರ್ಯ ಹೆಚ್ಚಾಗಿ ಆಗ್ನೇಯದಾಗ ಇರ್ತಾನ, ನೆರಳು ವಾಯವ್ಯಕ್ಕ ಬೀಳ್ತದ, ಅಂದ್ರ ಪರದೆ ಮ್ಯಾಲೆ ಬೆಳಕು ಕೆಳಗಿಂದ ಬಂದಂಗ. ನಮ್ಮ ತಲಿ ಏನು ತಿಳ್ಕೋತದ, ಬೆಳಕು ಯಾವಾಗಲೂ ಮ್ಯಾಲಿಂದ ಅಂತ. ಅದಕ್ಕ ತಗ್ಗು ದಿಬ್ಬ ಅದಲು ಬದಲು.

ಸೊಪ್ಪಿನ_ಸಾರು
ಅಯ್ಯೋ ತಿರುಗಿಸಿದೆ, ಪಟಕ್ಕಂತ ಗುಡ್ಡ ಎದ್ದು ಬಂತು. ಮೈ ಜುಮ್ ಅಂತು ಸಾರ್.

ಕಡಲ_ತಡಿ
ನಮ್ಮ ಬದಿಯ ನದಿಗಳನ್ನು ಒಮ್ಮೆ ನೋಡಿ ಮಾರಾಯ್ರೆ, ಮಜಾ ಉಂಟು. ಘಟ್ಟದಿಂದ ಬಡಬಡ ಇಳಿದು ಬರ್ತಾವೆ, ಸಮುದ್ರ ಎದುರೇ ಕಾಣ್ತದೆ, ಇನ್ನೇನು ಸೇರ್ಬೇಕು ಅನ್ನುವಾಗ ನಾಚಿಕೆ ಬಂದ ಹಾಗೆ ತಿರುಗ್ತಾವೆ. ಮರವಂತೆಯಲ್ಲಿ ಸೌಪರ್ಣಿಕಾ ಹೆದ್ದಾರಿಯ ಒಂದು ಬದಿ, ಇನ್ನೊಂದು ಬದಿ ಕಡಲು, ನಡುವೆ ರಸ್ತೆ ಅಗಲದಷ್ಟೇ ಜಾಗ, ಆದ್ರೂ ಸೇರುವುದಿಲ್ಲ, ಬೆನ್ನು ಹಾಕಿ ಬೇರೆ ದಾರಿ ಹಿಡೀತದೆ. ಉದ್ಯಾವರ ಹೊಳೆಯೂ ಹಾಗೆ, ಪಡುಕೆರೆಯ ಹಿಂದೆ ಕಡಲಿಗೆ ಸಮಾನಾಂತರ ಹೋಗಿ ಮಲ್ಪೆಯಲ್ಲಿ ಬಾಯಿ ಬಿಡ್ತದೆ. ಅಲೆ ತಂದು ಹಾಕಿದ ಮರಳಿನ ದಿಣ್ಣೆ ನಾಲಗೆ ಹಾಗೆ ಬೆಳೀತಾ ನದಿಯ ಬಾಯನ್ನೇ ದೂಡ್ತದೆ, ಅದಕ್ಕೆ ಹೀಗೆ. ಕೋಡಿ ಬೆಂಗ್ರೆಯಲ್ಲಿ ನಿಂತರೆ ಇದೆಲ್ಲ ತಿಳೀಲಿಕ್ಕೇ ಇಲ್ಲ, ಮೇಲಿಂದ ನೋಡ್ಬೇಕು.

ಘಾಟಿ_ಗಣಪ
ಮೇಲಿಂದ ನೋಡ್ಬೇಕಂತೆ. ಸುಮ್ನೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದೆಲ್ಲಾ ಅಡುಗೆ ಪುಸ್ತಕ ಓದಿ ತೇಗಿದಂಗೆ. ನದಿ ಅಂದ್ರೆ ವಾಸನೆ ಇದೆ, ಸದ್ದಿದೆ, ಕಾಲಿಗೆ ಕಚ್ಚೋ ಮೀನಿದೆ. ಎಸಿ ರೂಮಲ್ಲಿ ಕೂತು ಬೆರಳಾಡಿಸಿ "ತುಂಗೆ ಮೂರು ರಾತ್ರಿ ಹಿಡೀತು" ಅಂದ್ರೆ ನಗು ಬರಲ್ವಾ? ಒಂದ್ಸಲ ಆಗುಂಬೆ ಕಡೆ ಜುಲೈನಲ್ಲಿ ಬನ್ನಿ, ರಕ್ತ ಹೀರೋ ಇಂಬಳ ನಿಮಗೆ ಭೂಗೋಳ ಕಲಿಸುತ್ತೆ.

ನಿದ್ದೆಗೆಟ್ಟವ
ಗಣಪಣ್ಣ, ರಜಾ ಕೊಡ್ಸಿ, ಬರ್ತೀನಿ.

ಟೊಪೋಶೀಟ್_ತಾತ
ಗಣಪನ ಮಾತಲ್ಲಿ ಅರ್ಧ ಸತ್ಯ ಇದೆ. ನಾನು 31 ವರ್ಷ ಅಳತೆ ಸರಪಳಿ, ಕೋನ ಅಳೆಯೋ ಥಿಯೋಡೊಲೈಟ್ ಹೊತ್ಕೊಂಡು ನಡೆದೋನು. ಬ್ರಿಟಿಷರ ಸರ್ವೆ ಅಧಿಕಾರಿ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ರ ಮೊದಲ ಗೆರೆ ಅಳೆದಾಗಿಂದ ಈ ದೇಶದ ನಕ್ಷೆ ಆಗಿದ್ದು ಕಾಲಲ್ಲಿ. ಜ್ವರ ಬಂದು ಸತ್ತವರೆಷ್ಟೋ. ಆದ್ರೆ ಗಣಪ, ನಾನು ನಡೆದಿದ್ದು ಮೂರು ಜಿಲ್ಲೆ ಅಷ್ಟೆ. ರಿಟೈರಾದ್ಮೇಲೆ ಮೊಮ್ಮಗಳು ಇದನ್ನ ಕಲಿಸಿದ್ಲು, ಉಳಿದ ದೇಶ ಈಗ ನೋಡ್ತಿದೀನಿ, ಮಂಡಿ ನೋವಿಗೆ ಇದೇ ಸುಖ.

ಕೆರೆ_ಏರಿ
ಕೋಲಾರದವನು ನಾನು. ನಮಗೆ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಕೆರೆ ಬಗ್ಗೆ ಹೇಳ್ತೀನಿ. ಸ್ಯಾಟಲೈಟಲ್ಲಿ ನಮ್ಮ ಜಿಲ್ಲೆ ನೋಡಿದ್ರೆ ಎಲ್ಲಾ ಕಡೆ ಎಲೆ ಉದುರಿದಂಗೆ ಕೆರೆಗಳು. ಪ್ರತಿಯೊಂದರಲ್ಲೂ ಒಂದು ಬದಿ ಮಾತ್ರ ನೆಟ್ಟಗೆ, ಇಲ್ಲಾ ಬಿಲ್ಲಿನ ಥರ ಬಾಗಿರುತ್ತೆ, ಉಳಿದ ಬದಿ ಹರ್ಕೊಂಡಂಗೆ. ಆ ನೆಟ್ಟಗಿರೋದು ಏರಿ. ಏರಿ ಯಾವ ಕಡೆನೋ ಇಳಿಜಾರು ಆ ಕಡೆ, ಅಚ್ಚುಕಟ್ಟು ಅದರ ಕೆಳಗೆ, ಬೇಸಿಗೆಲೂ ಒಂಚೂರು ಹಸಿರು. ಕೋಡಿ ಹಳ್ಳ ಹಿಡ್ಕೊಂಡು ಹೋದ್ರೆ ಕೆಳಗಿನ ಊರಿನ ಕೆರೆ. ಹಿಂಗೆ ಒಂದಕ್ಕೊಂದು ಪೋಣಿಸಿರೋ ಸರ. ಎತ್ತರ ತೋರಿಸೋ ಕಾಂಟೂರು ಗೀಂಟೂರು ಬೇಡ, ಏರಿ ನೋಡಿದ್ರೆ ಸಾಕು, ನೆಲ ಯಾವ ಕಡೆ ವಾಲಿದೆ ಅಂತ ಮಗುನೂ ಹೇಳುತ್ತೆ.

ನೀರಿಲ್ದೆ ಇದ್ರೂ ಗುರುತು ಸಿಗುತ್ತೆ. ಬೆಂಗಳೂರಲ್ಲಿ ಮಾತ್ರ ಕಷ್ಟ. ಧರ್ಮಾಂಬುಧಿ ಕೆರೆ ಮೇಲೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡು, ಸಂಪಂಗಿ ಕೆರೆ ಮೇಲೆ ಕಂಠೀರವ ಸ್ಟೇಡಿಯಂ.

ನಂದಿ_ತಪ್ಪಲು
+1. ಇನ್ನೊಂದು ಮಜಾ. ನಂದಿ ಬೆಟ್ಟದ ಸುತ್ತ ಬಿದ್ದ ಮಳೆ ಎಲ್ಲೆಲ್ಲಿ ಹೋಗುತ್ತೆ ನೋಡಿ. ಉತ್ತರ ಪಿನಾಕಿನಿಗೆ ಬಿದ್ದಿದ್ದು ನೆಲ್ಲೂರು ಹತ್ರ ಸಮುದ್ರಕ್ಕೆ, ದಕ್ಷಿಣ ಪಿನಾಕಿನಿಗೆ ಬಿದ್ದಿದ್ದು ಕಡಲೂರಿಗೆ, ಅರ್ಕಾವತಿಗೆ ಬಿದ್ದಿದ್ದು ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ. ಕೂಡಿ ಆಡಿದ ಮೂರು ಹನಿ ಮೂರು ಊರಿಗೆ ಮದುವೆ ಆಗಿ ಹೋದಂಗೆ. ಸಮುದ್ರದವರ್ಗೂ ಹೋಗೋಷ್ಟು ನೀರು ಇದ್ರೆ ಅನ್ನಿ.

ಪುಟ್ಟಿ_ಫ್ರಮ್_ಪುತ್ತೂರು
ನಾನು ಪಾವಗಡದ ಹತ್ರ ಭಯಂಕರ ದೊಡ್ಡ ಕೆರೆ ಕಂಡುಹಿಡಿದೆ!! ಕಡು ನೀಲಿ. ಚೌಕ ಚೌಕ. ಯಾಕೆ ಯಾರೂ ಹೇಳಿಲ್ಲ?

ಹಿರಿಯೂರ್_ಹುಡ್ಗ
ಅದು ಸೋಲಾರ್ ಪಾರ್ಕು ತಾಯಿ 🙏 13 ಸಾವಿರ ಎಕರೆ, 2050 ಮೆಗಾವ್ಯಾಟ್. ಅಲ್ಲಿ ಸಿಗೋದು ಬಿಸಿಲು ಒಂದೇ.

ಪುಟ್ಟಿ_ಫ್ರಮ್_ಪುತ್ತೂರು
😭😭

ಕಡಲ_ತಡಿ
ಪುಟ್ಟಿಯವ್ರೆ ಬೇಸರ ಬೇಡ, ನಾನು ಕುದುರೆಮುಖದಲ್ಲಿ ಮೋಸ ಹೋಗಿದ್ದೆ. ದಟ್ಟ ಹಸಿರು ನಡುವೆ ಸಪಾಟು ಬಯಲು ಕಂಡು ಎಷ್ಟು ಚಂದದ ಹುಲ್ಲುಗಾವಲು ಅಂದ್ಕೊಂಡೆ. ನೋಡಿದ್ರೆ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಅದಿರಿನ ಹೂಳು. ಗಣಿ ನಿಂತದ್ದು 2005ರ ಕೊನೆಗೆ, ಹೂಳು ಅಲ್ಲೇ ಉಂಟು.

ಜವಾನ್_ಈರಣ್ಣ
ನಾ ಸರ್ವೀಸ್ನಾಗ ಇದ್ದಾಗ ಈಶಾನ್ಯ ರಾಜ್ಯ ಎಲ್ಲಾ ತಿರಗೀನಿ. ಈಗ ರಾತ್ರಿ ಊಟ ಆದಮ್ಯಾಲೆ ಮನಿಯಾಕಿಗೆ ಮ್ಯಾಪ್ನಾಗ ತೋರಸ್ತೀನಿ, ಇಲ್ಲಿದ್ದೆ, ಇಲ್ಲಿ ಕ್ಯಾಂಪ್ ಇತ್ತು ಅಂತ. ಮಣಿಪುರದ ಲೋಕ್ಟಾಕ್ ಕೆರಿ ನೋಡ್ರಿ, ನೀರ ಮ್ಯಾಲೆ ಬಳಿ ಚೆಲ್ಲಿದಂಗ ಹಸರು ಉಂಗುರ. ಅದು ತೇಲೋ ಹುಲ್ಲಿನ ಹಾಸು, ಮೀನು ಹಿಡಿಯಾಕ ಗುಂಡಗ ಕಟ್ಟಿರ್ತಾರ. ಬ್ರಹ್ಮಪುತ್ರಾ ಅಂದ್ರ ಒಂದು ನದಿ ಅಲ್ರಿ, ಜಡಿ ಹೆಣದಂಗ ಹತ್ತು ಎಳಿ, ವರ್ಷಾ ವರ್ಷಾ ಎಳಿ ಜಾಗ ಬದಲಸ್ತದ. ಟೈಮ್‌ಲ್ಯಾಪ್ಸ್ ಅಂತ ಒಂದೈತಿ, 1984ರಿಂದ ಶುರು, ಅದರಾಗ ಮಾಜುಲಿ ದ್ವೀಪದ ದಂಡಿ ಹೆಂಗ ಕರಗ್ತದ ನೋಡ್ರಿ. ಇದಕ್ಕ ಉಲ್ಟಾ ರಾಜಸ್ಥಾನದ ಲೂನಿ. ಅಜ್ಮೇರ್ ಕಡೆ ಹುಟ್ಟಿ, ಬಾಲೋತ್ರಾ ದಾಟಿದ ಮ್ಯಾಲೆ ನೀರು ಉಪ್ಪಾಗಿ, ಸಮುದ್ರ ಮುಟ್ಟದ ಕಛ್ ರಣ್ಣದಾಗ ಇಂಗಿ ಹೋಗ್ತದ.

ಮನಿಯಾಕಿ ಕೇಳಿದ್ಲು, ಇಷ್ಟು ದೂರ ಇದ್ರಾ ನೀವು, ಪತ್ರದಾಗ ಬರೀ "ಕ್ಷೇಮ" ಅಂತ ಬರೀತಿದ್ರಿ.

ಘಾಟಿ_ಗಣಪ
ಈರಣ್ಣ ಹೇಳಿದ್ದು ಬೇರೆ. ಅವ್ರು ಹೋಗಿ ನೋಡಿ ಬಂದವರು.

ಮಸ್ಕತ್_ಮಲ್ನಾಡ್
ಗಣಪಣ್ಣ, ಹೋಗೋಕೇ ಆಗದ ಜಾಗ ಇದ್ರೆ? ಅಮ್ಮನ ತವರು ಶರಾವತಿ ಕೊಳ್ಳದಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಆಯ್ತು, ಊರು ಒಳಗೆ ಹೋಯ್ತು. ಈಗ ಹಿನ್ನೀರಲ್ಲಿ ಕಾಣೋ ನಡುಗಡ್ಡೆಗಳೆಲ್ಲ ಆಗ ಗುಡ್ಡದ ತಲೆಗಳು. ನಾನಿಲ್ಲಿ ಕೂತು ನೀರು ತುಂಬಾ ಇಳಿದ ವರ್ಷದ ಬೇಸಿಗೆ ಚಿತ್ರ ಹುಡುಕ್ತೀನಿ. ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ಅಂಥ ವರ್ಷ ತಲೆ ಎತ್ತುತ್ತೆ, ಅದು ಸಿಕ್ಕಿದ್ರೆ ಅಲ್ಲಿಂದ ಅಂದಾಜು ಹಾಕ್ಬಹುದು. ವಿಡಿಯೋ ಕಾಲಲ್ಲಿ ಸ್ಕ್ರೀನ್ ತೋರಿಸ್ದೆ. ಅಮ್ಮ ಬೆರಳಿಟ್ಟು "ಇಲ್ಲಿ ಗದ್ದೆ, ಇಲ್ಲಿ ಭೂತನ ಕಲ್ಲು" ಅಂದ್ಲು. ಅದು ಸರಿನೋ ತಪ್ಪೋ ನಂಗೆ ಗೊತ್ತಿಲ್ಲ, ಕೇಳೋಕೂ ಹೋಗ್ಲಿಲ್ಲ.

ಘಾಟಿ_ಗಣಪ
ಸರಿ ಮಾರಾಯ. ಈ ಮಾತಿಗೆ ಸೋತೆ.

ಹೊಲದ_ಗಡಿ
ಟಾಪಿಕ್ ಬಿಟ್ಟು ಕೇಳ್ತಿದೀನಿ ಕ್ಷಮಿಸಿ, ನಮ್ಮ ದಾಯಾದಿಗಳು ಬದು ಒತ್ತಿದ್ದಾರೆ, ಸ್ಯಾಟಲೈಟ್ ಫೋಟೋ ಪ್ರಿಂಟ್ ಹಾಕ್ಸಿ ಪಂಚಾಯ್ತಿಲಿ ಇಟ್ರೆ ನಡೆಯುತ್ತಾ?

ಟೊಪೋಶೀಟ್_ತಾತ
ನಡೆಯಲ್ಲ. ಚಿತ್ರ ಕೂರಿಸುವಾಗ ಕೆಲವು ಮೀಟರ್ ಆಚೀಚೆ ಆಗಿರುತ್ತೆ, ಎರಡು ವರ್ಷದ ಚಿತ್ರ ಹಾಕಿ ನೋಡಿ, ನಿಮ್ಮ ಮನೇನೇ ಜರುಗಿರುತ್ತೆ. ಸರ್ವೆ ನಂಬರ್ ಸುಮಾರಾಗಿ ತಿಳ್ಕೊಳ್ಳೋಕೆ ದಿಶಾಂಕ್ ಆ್ಯಪ್ ಇದೆ, ಜಗಳ ಬಗೆಹರಿಸೋಕೆ ಹದ್ದುಬಸ್ತಿಗೆ, ಅಂದ್ರೆ ಗಡಿ ಅಳತೆಗೆ, ಅರ್ಜಿ ಹಾಕಿ ಸರ್ವೆಯರ್ ಕರೆಸಿ.

ಕೆರೆ_ಏರಿ
ಆ ಹದ್ದುಬಸ್ತು ಮುಗಿಯೋಷ್ಟ್ರಲ್ಲಿ ಮೊಮ್ಮಕ್ಕಳಿಗೆ ಮದುವೆ ಆಗಿರುತ್ತೆ.

ಸೊಪ್ಪಿನ_ಸಾರು
ಯಾರಾದ್ರೂ ಈ ಹೆಸರುಗಳ ಬಗ್ಗೆ ಮಾತಾಡಿ. ಕನ್ನಡದಲ್ಲಿ ಮ್ಯಾಪ್ ಹಾಕಿದ್ರೆ ಎಷ್ಟೋ ಕಡೆ ಹಳ್ಳಿ ಹೋಗಿ "ಹಲ್ಲಿ" ಆಗಿರುತ್ತೆ. ಇಡೀ ತಾಲೂಕಿನ ಗೋಡೆ ಮೇಲೆ ಹಲ್ಲಿ ಲೊಚಗುಟ್ಟಿದಂಗೆ.

ನಂದಿ_ತಪ್ಪಲು
ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಬನ್ನಿ, ಯಾರು ಬೇಕಾದ್ರೂ ತಿದ್ದಬಹುದು, ಕನ್ನಡ ಹೆಸರಿಗೆ ಬೇರೆನೇ ಜಾಗ ಇದೆ. ನಾನು ನಮ್ಮ ಹೋಬಳಿಯ ಕುಂಟೆ, ಕಟ್ಟೆ, ತೋಪು ಎಲ್ಲಾ ಸೇರಿಸಿದೀನಿ. ಅಂಗಡಿ, ಅಪಾರ್ಟ್‌ಮೆಂಟ್ ಹೆಸರು ತಾನಾಗೇ ಬರುತ್ತೆ, ಗುಂಡುತೋಪಿಂದು ನಾವೇ ಬರೀಬೇಕು.

ಕಡೂರ್_ಎಕ್ಸ್‌ಪ್ರೆಸ್
ಖಂಡ್ವಾ ಹುಡುಗನ ಕಥೆ ಗೊತ್ತಲ್ವಾ ಎಲ್ರಿಗೂ? ಸರೂ ಬ್ರೈರ್ಲಿ. ಐದು ವರ್ಷದವನಿದ್ದಾಗ ರೈಲಲ್ಲಿ ನಿದ್ದೆ ಹೋಗಿ ಕಲ್ಕತ್ತಾ ಸೇರಿ, ಅಲ್ಲಿಂದ ಆಸ್ಟ್ರೇಲಿಯಾಕ್ಕೆ ದತ್ತು ಹೋದೋನು. ಇಪ್ಪತ್ತೈದು ವರ್ಷ ಆದ್ಮೇಲೆ, 2011ರಲ್ಲಿ, ರೈಲ್ವೆ ಹಳಿ ಹಿಡ್ಕೊಂಡು ಸ್ಯಾಟಲೈಟಲ್ಲಿ ಹುಡುಕಿ ಹುಡುಕಿ, ಸ್ಟೇಷನ್ ಹತ್ರದ ನೀರಿನ ಟ್ಯಾಂಕು ಗುರುತು ಹಿಡಿದು ಊರು ಪತ್ತೆ ಮಾಡ್ದ. ಊರಿನ ಹೆಸರೇ ಸರಿಯಾಗಿ ಗೊತ್ತಿರ್ಲಿಲ್ಲ ಅವ್ನಿಗೆ. ನಿದ್ದೆಗೆಟ್ಟಣ್ಣ, ನೀವು ನದಿ ಹಿಡಿದಂಗೆ ಅವ್ನು ಹಳಿ ಹಿಡಿದ.

ನಿದ್ದೆಗೆಟ್ಟವ
ಅಪ್ಡೇಟ್ ಕೊಡ್ತೀನಿ. ತಾತ ಹೇಳಿದ ಮೇಲೆ ಯುರೋಪಿನವರ ಸೆಂಟಿನೆಲ್-2 ಉಪಗ್ರಹದ ಚಿತ್ರ ನೋಡೋದು ಕಲಿತೆ. ಅದ್ರಲ್ಲಿ ತಾರೀಖು ಆರಿಸ್ಕೋಬಹುದು, ಐದು ದಿನಕ್ಕೊಂದು ಚಿತ್ರ. ಅಷ್ಟು ಚೂಪಿಲ್ಲ, ಒಂದು ಚುಕ್ಕಿ ಅಂದ್ರೆ ನೆಲದ ಮೇಲೆ 10 ಮೀಟರ್, ಮನೆ ಕಾಣಲ್ಲ, ನದಿ ಕಾಣುತ್ತೆ. 2022ರ ಮಳೆಗಾಲ ಮುಗಿಯೋ ಹೊತ್ತಿನ ಚಿತ್ರ ಹಾಕ್ದೆ, ಮೋಡದ ಸಂದಿ ಸಂದೀಲಿ ಹಿರಿಯೂರಿನ ಕೆಳಗೆ ಕೆಂಚು ಬಣ್ಣದ ನೀರಿನ ಪಟ್ಟಿ. ನಾನು ಎರಡು ರಾತ್ರಿ ಮುಳ್ಳುಪೊದೆ ಅಂದ್ಕೊಂಡು ಬಿಟ್ಟಿದ್ದ ಅದೇ ಅಂಕುಡೊಂಕು. ಹಗರಿ ಆಗಿ ತುಂಗಭದ್ರೆ ಸೇರೋವರ್ಗೂ ಹೋದೆ, ಬೆಳಗಿನ ಜಾವ ನಾಲ್ಕೂವರೆ. ಟೀ ತಂದ ಹುಡುಗ "ಏನ್ ಸಾರ್ ಒಬ್ರೇ ನಗ್ತಿದೀರಾ" ಅಂದ.

ಹಿರಿಯೂರ್_ಹುಡ್ಗ
ಅಣ್ಣ ನೀವು ನಮ್ಮೂರಿನ ಮೇಲೆ ಹಾದು ಹೋದ್ರಿ, ಒಂದು ಮಾತು ಹೇಳ್ಲಿಲ್ಲ. ಮುಂದೆ ಯಾವ್ದು?

ನಿದ್ದೆಗೆಟ್ಟವ
ಲೂನಿ. ಕೊನೇಲಿ ಏನಾಗುತ್ತೆ ಅಂತ ಯಾರೂ ಹೇಳ್ಬೇಡಿ ಅನ್ನೋಣ ಅಂದ್ರೆ ಈರಣ್ಣನವ್ರು ಆಗ್ಲೇ ಹೇಳ್ಬಿಟ್ಟಿದ್ದಾರೆ.

ಜವಾನ್_ಈರಣ್ಣ
ತಪ್ಪಾತ್ರಿ ತಮ್ಮಾ. ದಾರ್ಯಾಗಿಂದು ಹೇಳಿಲ್ಲ, ಹೋಗ್ರಿ.